ಅಧಿಸೂಚನೆ ಬಂದಾಯಿತು, ನಲ್ಲಿ ಯಾವಾಗ? ಬೀದರ್ ಮಹಾನಗರ ಪಾಲಿಕೆಯ ಮುಂದಿರುವ ಕೆಲಸ

2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸೇರಿದ್ದ ರಾಜ್ಯ ಸಚಿವ ಸಂಪುಟ ಬೀದರ್ ಮತ್ತು ರಾಯಚೂರು ನಗರಸಭೆಗಳನ್ನು ಮಹಾನಗರ ಪಾಲಿಕೆಗಳನ್ನಾಗಿ ಮೇಲ್ದರ್ಜೆಗೇರಿಸಲು ಒಪ್ಪಿಗೆ ಕೊಟ್ಟಿತು. ಅದಾಗಿ ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 16ರಂದು, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತದ ಕುಡಿಯುವ ನೀರಿನ ಯೋಜನೆ ಉದ್ಘಾಟನೆಯಾಯಿತು. 2007ರಲ್ಲಿ ಬೆಂಗಳೂರು ಪಾಲಿಕೆಯ ಮಿತಿಯೊಳಗೆ ಬಂದ 110 ಹಳ್ಳಿಗಳಿಗೆ ನೀರು ಕೊಡಲೆಂದೇ ರೂಪಿಸಿದ ಯೋಜನೆ ಅದು. ಹಳ್ಳಿಗಳು ನಗರಕ್ಕೆ ಸೇರಿದ ವರ್ಷಕ್ಕೂ ಆ ಉದ್ಘಾಟನೆಗೂ ನಡುವೆ 17 ವರ್ಷಗಳ ಅಂತರ. ಆ 17 ವರ್ಷವೂ ಅಲ್ಲಿನ ಮನೆಗಳಿಗೆ ನಗರದ ಆಸ್ತಿ ತೆರಿಗೆ ಇತ್ತು. ಎಷ್ಟೋ ಮನೆಗಳ ಬಾಗಿಲಿಗೆ ಬರುತ್ತಿದ್ದುದು ಮಾತ್ರ ಟ್ಯಾಂಕರ್.

ಬೀದರಿನವರು ಈ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕು. ಹಳ್ಳಿಯೊಂದು ನಗರಕ್ಕೆ ಸೇರಿದ ಕೂಡಲೇ ಹೊರೆ ಆರಂಭವಾಗುತ್ತದೆ, ಸೌಲಭ್ಯ ಬರುವುದು ವರ್ಷಗಳ ನಂತರ. ಈ ಅಂತರ ದೈವೇಚ್ಛೆಯಲ್ಲ. ಯಾವ ಕೆಲಸ ಮೊದಲು, ಯಾವುದು ನಂತರ ಎಂದು ಪಾಲಿಕೆ ತನ್ನ ಮೊದಲ ಎರಡು ಮೂರು ವರ್ಷಗಳಲ್ಲಿ ಮಾಡುವ ತೀರ್ಮಾನಗಳೇ ಅಂತರವನ್ನು ಹಿಗ್ಗಿಸುತ್ತವೆ ಅಥವಾ ಕುಗ್ಗಿಸುತ್ತವೆ. ಹೊಸ ಪಾಲಿಕೆಯನ್ನು ವೃತ್ತಗಳ ಅಲಂಕಾರದಿಂದಾಗಲಿ ಕಚೇರಿ ಕಟ್ಟಡದ ಎತ್ತರದಿಂದಾಗಲಿ ಅಳೆಯಬಾರದು, ಈ ಅಂತರವನ್ನು ಎಷ್ಟು ಬೇಗ ಮುಚ್ಚಿತು ಎಂಬುದರಿಂದ ಅಳೆಯಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಪಾಲಿಕೆಯಾಗುವುದೆಂದರೆ ಕಾನೂನಿನ ಲೆಕ್ಕದಲ್ಲಿ ಒಂದು ಕಾಯ್ದೆಯಿಂದ ಇನ್ನೊಂದಕ್ಕೆ ದಾಟುವುದು. ನಗರಸಭೆ ನಡೆಯುತ್ತಿದ್ದುದು 1964ರ ಪುರಸಭೆಗಳ ಕಾಯ್ದೆಯ ಅಡಿ, ಪಾಲಿಕೆ ನಡೆಯುವುದು 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ ಅಡಿ. ಪಾಲಿಕೆಯಾಗಲು ಕನಿಷ್ಠ ಮೂರು ಲಕ್ಷ ಜನಸಂಖ್ಯೆ ಇರಬೇಕು, ಚದರ ಕಿಲೋಮೀಟರಿಗೆ ಕನಿಷ್ಠ ಮೂರು ಸಾವಿರ ಜನರಿರಬೇಕು, ದುಡಿಯುವವರಲ್ಲಿ ಅರ್ಧದಷ್ಟಾದರೂ ಮಂದಿ ಕೃಷಿಯೇತರ ಕೆಲಸದಲ್ಲಿರಬೇಕು ಎಂಬ ಮಾನದಂಡಗಳಿವೆ. 2011ರ ಜನಗಣತಿಯಲ್ಲಿ ಬೀದರ್ ನಗರದ ಜನಸಂಖ್ಯೆ ಎರಡು ಲಕ್ಷವನ್ನು ತುಸು ದಾಟಿತ್ತು, ಅಷ್ಟೇ. ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಂಡದ್ದು ಇದಕ್ಕಾಗಿ. ಎಂದರೆ ಬೀದರ್ ಪಾಲಿಕೆಯಾಗಲು ಹಳ್ಳಿಗಳು ಬೇಕಾಗಿದ್ದವು. ಈ ಮಾತನ್ನು ನಗರದೊಳಗಿನವರು ಮರೆಯಬಾರದು. ಹಳ್ಳಿಯವರು ಅರ್ಜಿ ಹಾಕಿಕೊಂಡು ನಗರದ ಬಾಗಿಲಿಗೆ ಬಂದವರಲ್ಲ, ಅವರ ತಲೆ ಎಣಿಕೆಯ ಬಲದಿಂದಲೇ ನಗರ ಮೇಲ್ದರ್ಜೆಗೇರಿದೆ.

ಹಾಗೆ ಸೇರಿದವರು ಮೊದಲ ದಿನವೇ ಕಳೆದುಕೊಳ್ಳುವುದು ಏನು ಎಂಬುದನ್ನು ಯಾವ ಅಭಿನಂದನಾ ಫಲಕವೂ ಹೇಳುವುದಿಲ್ಲ. ಗ್ರಾಮೀಣ ಉದ್ಯೋಗ ಖಾತ್ರಿ ಹೆಸರೇ ಹೇಳುವಂತೆ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಬೇಸಿಗೆಯಲ್ಲಿ ಹೊಲದ ಕೆಲಸ ನಿಂತಾಗ ಬದು ಹಾಕುವ, ಕೆರೆ ಹೂಳೆತ್ತುವ ಕೂಲಿ ನೆಚ್ಚಿಕೊಂಡಿದ್ದ ಕುಟುಂಬಕ್ಕೆ ಆ ದಾರಿ ಮುಚ್ಚುತ್ತದೆ. ಹಳ್ಳಿ ಶಾಲೆಯಲ್ಲಿ ಓದುವ ಮಕ್ಕಳಿಗೆ ಮುಂದೆ ಗ್ರಾಮೀಣ ಮೀಸಲಾತಿ ಸಿಗುತ್ತದೆಯೇ ಎಂಬ ಆತಂಕ ಪೋಷಕರಲ್ಲಿ ಮೂಡುವುದು ಸಹಜ. ಗ್ರಾಮಸಭೆ ಇಲ್ಲವಾಗುತ್ತದೆ. ಆಸ್ತಿ ತೆರಿಗೆ ಸರ್ಕಾರ ಜಾಗಕ್ಕೆ ನಿಗದಿ ಮಾಡುವ ಮಾರ್ಗಸೂಚಿ ದರಕ್ಕೆ ಜೋಡಣೆಯಾಗಿರುವುದರಿಂದ, ನಗರದ ಹೆಸರು ತಗುಲಿದ ಮೇಲೆ ಜಾಗದ ಬೆಲೆಯ ಜೊತೆ ತೆರಿಗೆಯೂ ಏರುತ್ತದೆ. ಹತ್ತು ಎಕರೆ ಪ್ಲಾಟ್ ಮಾಡಿ ಮಾರುವವರಿಗೆ ಬೆಲೆ ಏರಿಕೆ ಲಾಭ. ಇದ್ದ ಒಂದೇ ಮನೆಯಲ್ಲಿ ಬದುಕು ಕಳೆಯುವವರಿಗೆ ಅದು ಬರಿಯ ಖರ್ಚು.

ಇಷ್ಟಕ್ಕೆ ಪ್ರತಿಯಾಗಿ ಸಿಗಬೇಕಾದದ್ದೇನು? ಮೊದಲನೆಯದು ನೀರು. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು.

ಜಲ ಜೀವನ್ ಮಿಷನ್ ಅಡಿ ಹಳ್ಳಿಯ ಪ್ರತಿ ವ್ಯಕ್ತಿಗೆ ನಿಗದಿಯಾಗಿರುವ ನೀರು ದಿನಕ್ಕೆ 55 ಲೀಟರ್. ಒಳಚರಂಡಿ ಇರುವ ಅಥವಾ ಬರಲಿರುವ ನಗರಕ್ಕೆ ಕೇಂದ್ರದ ಮಾನದಂಡ 135 ಲೀಟರ್. ಐದು ಜನರ ಮನೆಗೆ ಹಳ್ಳಿಯ ಲೆಕ್ಕದಲ್ಲಿ 275 ಲೀಟರ್ ಸಾಕಿತ್ತು, ನಗರದ ಲೆಕ್ಕದಲ್ಲಿ 675 ಲೀಟರ್ ಬೇಕು. ಅಧಿಸೂಚನೆ ಹೊರಟ ಮಾತ್ರಕ್ಕೆ ಹಳ್ಳಿಯ ಕೊಳವೆಬಾವಿಯಲ್ಲಿ ನೀರು ಹೆಚ್ಚುವುದಿಲ್ಲ, 55 ಲೀಟರಿಗೆಂದು ಹಾಕಿದ ಸಣ್ಣ ಕೊಳವೆ 135 ಲೀಟರಿಗೆ ಹಿಗ್ಗುವುದೂ ಇಲ್ಲ. ಕಾಯ್ದೆ ಹೇಳುವ ಕನಿಷ್ಠ ಮೂರು ಲಕ್ಷ ಜನರನ್ನೇ ಹಿಡಿದರೂ ಪಾಲಿಕೆ ದಿನಕ್ಕೆ 4 ಕೋಟಿ 5 ಲಕ್ಷ ಲೀಟರ್ ನೀರನ್ನು ಮನೆಗಳಿಗೆ ತಲುಪಿಸಬೇಕು. ದಾರಿಯಲ್ಲಿ ಸೋರಿ ಹೋಗುವುದು ಈ ಲೆಕ್ಕದಲ್ಲಿ ಸೇರಿಲ್ಲ.

ನಗರಕ್ಕೆ ನೀರಿನ ಆಧಾರ ಕಾರಂಜಾ ಜಲಾಶಯ. ಮಾಂಜ್ರಾ ನದಿಯ ಉಪನದಿ ಕಾರಂಜಾಕ್ಕೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟೆ ಮೂಲತಃ ನೀರಾವರಿ ಯೋಜನೆ. ಮಳೆ ಕೈಕೊಟ್ಟ ವರ್ಷ ಹೊಲಕ್ಕೂ ಕುಡಿಯುವುದಕ್ಕೂ ಪೈಪೋಟಿ ಏಳುತ್ತದೆ. ಅಲ್ಲದೆ ಬೀದರ್ ಕುಳಿತಿರುವುದು ಪ್ರಸ್ಥಭೂಮಿಯ ಮೇಲೆ. ಕೋಟೆ ಕಟ್ಟಲು ಬಹಮನಿ ಅರಸರು ಮೆಚ್ಚಿ ಆರಿಸಿಕೊಂಡ ಎತ್ತರದ ಜಾಗವೇ ಇಂದು ನೀರು ಪೂರೈಸುವವರಿಗೆ ಕಷ್ಟದ ಜಾಗ. ಪ್ರತಿ ಲೀಟರನ್ನೂ ವಿದ್ಯುತ್ ಪಂಪಿನಿಂದ ಮೇಲಕ್ಕೆತ್ತಬೇಕು, ಜೆಸ್ಕಾಂ ಬಿಲ್ ಕಟ್ಟಬೇಕು. ಪೂರೈಕೆ ಹೆಚ್ಚಿದಷ್ಟೂ ಬಿಲ್ ಹೆಚ್ಚುತ್ತದೆ. ನೀರಿನ ಕರ ವಸೂಲಾಗದಿದ್ದರೆ ಆ ಬಿಲ್ ಬೇರೆ ಯಾವುದಾದರೂ ಕೆಲಸದ ಹಣವನ್ನು ತಿಂದು ಹಾಕುತ್ತದೆ.

ಈ ಊರಿಗೆ ನೀರಿನ ಬುದ್ಧಿವಂತಿಕೆ ಹೊಸದಲ್ಲ ಎನ್ನುವುದಕ್ಕೆ ನೌಬಾದಿನ ಸುರಂಗ ಬಾವಿಯೇ ಸಾಕ್ಷಿ. ಜನ ಕರೇಜ್ ಎನ್ನುವುದೂ ಇದನ್ನೇ. ಬಹಮನಿಗಳ ಕಾಲದಲ್ಲಿ ಪರ್ಷಿಯಾದ ತಂತ್ರ ಬಳಸಿ ಕೆಂಪು ಜಂಬಿಟ್ಟಿಗೆ ಕಲ್ಲಿನೊಳಗೆ ಕೊರೆದ ಕಾಲುವೆ ಇದು. ಮೇಲಿನಿಂದ ಅಲ್ಲಲ್ಲಿ ಗಾಳಿ ಬೆಳಕಿಗೆಂದು ನೇರ ಬಾವಿಗಳನ್ನು ತೋಡಿದ್ದಾರೆ. ಕಲ್ಲಿನ ಸಂದುಗಳಿಂದ ಜಿನುಗಿದ ನೀರು ಕಾಲುವೆಗೆ ಇಳಿದು, ಪಂಪಿಲ್ಲದೆ, ಇಳಿಜಾರಿನ ಬಲದಿಂದಲೇ ಮುಂದೆ ಹರಿಯುತ್ತದೆ. ಕೆಲವು ವರ್ಷಗಳ ಹಿಂದೆ ಹೂಳೆತ್ತಿ ಇದನ್ನು ಜನರಿಗೆ ಮತ್ತೆ ಕಾಣುವಂತೆ ಮಾಡಲಾಯಿತು. ಇಡೀ ನಗರದ ಬಾಯಾರಿಕೆಯನ್ನು ಸುರಂಗ ಬಾವಿ ನೀಗಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಬಡಾವಣೆಗಳು ಬೆಳೆಯುತ್ತಿರುವುದು ಇಂಥ ನೆಲದ ಮೇಲೆಯೇ. ಕಾಲುವೆ ಹಾದು ಹೋಗುವ ಗೆರೆಯನ್ನು ನಕ್ಷೆಯಲ್ಲಿ ಗುರುತಿಸಿ, ಅದರ ಮೇಲೆ ಅಡಿಪಾಯ ತೋಡದಂತೆ, ಕೊಳವೆಬಾವಿ ಕೊರೆಯದಂತೆ ಬಡಾವಣೆ ಅನುಮೋದನೆಯ ಹಂತದಲ್ಲೇ ತಡೆಯದಿದ್ದರೆ ಆರು ಶತಮಾನ ಉಳಿದು ಬಂದದ್ದು ನಮ್ಮ ಕಣ್ಣೆದುರೇ ಕುಸಿಯುತ್ತದೆ. ಪಾಲಿಕೆಗೆ ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಒಂದು ನಕ್ಷೆ, ಒಂದು ಆದೇಶ, ಅದನ್ನು ಪಾಲಿಸುವ ನಗರ ಯೋಜನಾ ಶಾಖೆ ಇಷ್ಟಿದ್ದರೆ ಸಾಕು.

ನೀರಿನ ವಿಷಯದಲ್ಲಿ ಇನ್ನೊಂದು ಸಣ್ಣ, ಆದರೆ ಬಹಳ ಮುಖ್ಯವಾದ ಸಂಗತಿ ಇದೆ. ಗ್ರಾಮ ಪಂಚಾಯಿತಿಯ ನೀರುಗಂಟಿ. ಯಾವ ಓಣಿಯ ವಾಲ್ವ್ ಎಷ್ಟು ಸುತ್ತು ತಿರುಗಿಸಿದರೆ ಎತ್ತರದ ಮನೆಗೆ ನೀರು ಹತ್ತುತ್ತದೆ, ಯಾವ ಜಾಗದಲ್ಲಿ ಕೊಳವೆ ಒಡೆದಾಗ ಹಳೆಯ ಸೈಕಲ್ ಟ್ಯೂಬ್ ಬಿಗಿದು ಮುಚ್ಚಲಾಗಿದೆ, ಯಾವ ಮೋಟಾರು ಎಷ್ಟು ಹೊತ್ತು ಓಡಿದರೆ ಬಿಸಿಯಾಗಿ ನಿಲ್ಲುತ್ತದೆ ಎಂಬುದೆಲ್ಲ ಅವನಿಗೆ ಮಾತ್ರ ಗೊತ್ತು. ಆ ಜ್ಞಾನ ಯಾವ ಕಡತದಲ್ಲೂ ಇಲ್ಲ. ಪಾಲಿಕೆ ವಹಿಸಿಕೊಳ್ಳುವಾಗ ಅವನನ್ನು ಕೈಬಿಟ್ಟು ಗುತ್ತಿಗೆದಾರನ ಹೊಸ ಹುಡುಗನನ್ನು ತಂದು ನಿಲ್ಲಿಸಿದರೆ ಮರುವಾರವೇ ಅರ್ಧ ಊರಿಗೆ ನೀರು ನಿಲ್ಲುತ್ತದೆ. ನೀರುಗಂಟಿಗಳನ್ನು, ಕರ ವಸೂಲಿಗಾರರನ್ನು ಅವರ ಸೇವಾವಧಿಯೊಂದಿಗೆ ಪಾಲಿಕೆಯೊಳಕ್ಕೆ ತೆಗೆದುಕೊಳ್ಳುವುದು ಅವರ ಮೇಲಿನ ದಯೆಯ ಪ್ರಶ್ನೆಯಲ್ಲ, ನೀರು ಪೂರೈಕೆ ನಿಲ್ಲದಿರುವಂತೆ ನೋಡಿಕೊಳ್ಳುವ ಮೊದಲ ಕ್ರಮ. ಅವರನ್ನು ಜೊತೆಯಲ್ಲಿ ನಡೆಸಿಕೊಂಡು ಎಂಜಿನಿಯರ್ ಒಬ್ಬರು ಪ್ರತಿ ವಾಲ್ವನ್ನೂ ನಕ್ಷೆಗೆ ಏರಿಸಿಕೊಳ್ಳಬೇಕು. ಈ ಕೆಲಸ ಈಗ ಆಗದಿದ್ದರೆ ಮುಂದೆ ಆಗುವುದೇ ಇಲ್ಲ, ಏಕೆಂದರೆ ಗೊತ್ತಿರುವವರು ಉಳಿದಿರುವುದಿಲ್ಲ.

ಕಸದ ವಿಚಾರದಲ್ಲೂ ಇದೇ ಮಾತು. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿ ವಾಹನಗಳನ್ನು ಓಡಿಸಲು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ತರಬೇತಿ ಪಡೆದು, ಪರವಾನಗಿ ಮಾಡಿಸಿಕೊಂಡು ಸ್ಟೀರಿಂಗ್ ಹಿಡಿದಿದ್ದಾರೆ. ಹಳ್ಳಿಯಲ್ಲಿ ಹೆಣ್ಣೊಬ್ಬಳು ಗಾಡಿ ಓಡಿಸಿ ಸಂಬಳ ತರುವುದು ಚಿಕ್ಕ ಸಾಧನೆಯಲ್ಲ. ಪಂಚಾಯಿತಿ ಇಲ್ಲವಾದಾಗ ಅವಳ ಕೆಲಸ ಯಾರ ಲೆಕ್ಕಕ್ಕೆ ಸೇರುತ್ತದೆ? ಪಾಲಿಕೆಯ ಟೆಂಡರಿನಲ್ಲಿ ಆ ಸಂಘಗಳಿಗೆ ಜಾಗವಿದೆಯೇ? ಕೇಳಬೇಕಾದ ಪ್ರಶ್ನೆ ಇದು. ಇನ್ನು ಪೌರಕಾರ್ಮಿಕರ ಸಂಖ್ಯೆ. ರಾಜ್ಯದ ಮಾನದಂಡ 700 ಜನರಿಗೆ ಒಬ್ಬರು. ಮೂರು ಲಕ್ಷಕ್ಕೆ 429 ಜನ ಬೇಕು. ನಗರಸಭೆಯ ಕಾಲದ ಸಿಬ್ಬಂದಿಯನ್ನೇ ಹಳ್ಳಿಗಳಿಗೂ ಹಂಚಿ ಕಳುಹಿಸಿದರೆ ಹಳೆಯ ಊರಿನ ಓಣಿಯೂ ಹೊಸ ಹಳ್ಳಿಯ ಬೀದಿಯೂ ಒಟ್ಟಿಗೆ ಕೊಳೆಯುತ್ತವೆ. ತಲೆಗೆ ದಿನಕ್ಕೆ 350 ಗ್ರಾಂ ಕಸ ಎಂದು ಕಡಿಮೆ ಅಂದಾಜು ಹಿಡಿದರೂ ಪ್ರತಿದಿನ 105 ಟನ್ ಎತ್ತಬೇಕಾಗುತ್ತದೆ. ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆಯಾಗದಿದ್ದರೆ ಅಷ್ಟೂ ಕಸ ಯಾವುದೋ ಹಳ್ಳಿಯ ಪಕ್ಕದ ಗುಡ್ಡೆಯಾಗುತ್ತದೆ. ಆ ಹಳ್ಳಿ ಈಗ ಪಾಲಿಕೆಯದೇ ಒಂದು ವಾರ್ಡ್ ಆಗಿದ್ದರೂ ಆಶ್ಚರ್ಯವಿಲ್ಲ.

ಈಗ ಒಳಚರಂಡಿಗೆ ಬರೋಣ. ಇದು ಕಷ್ಟದ ಭಾಗ, ಯಾರೂ ಫೋಟೊ ತೆಗೆಸಿಕೊಳ್ಳಲು ಇಷ್ಟಪಡದ ಭಾಗ.

ಮನೆಗೆ ಬಂದ ನೀರಿನ ಸುಮಾರು ಶೇ 80 ಪಾಲು ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. 4 ಕೋಟಿ 5 ಲಕ್ಷ ಲೀಟರ್ ಕೊಟ್ಟರೆ 3 ಕೋಟಿ 24 ಲಕ್ಷ ಲೀಟರ್ ಹೊರಗೆ. ಒಳಚರಂಡಿ ಇಲ್ಲದ ಜಾಗಕ್ಕೆ ನೀರು ಮಾತ್ರ ಹೆಚ್ಚಿಸಿದರೆ ಅದು ಗಟಾರಕ್ಕೆ, ಗಟಾರದಿಂದ ಬೀದಿಗೆ, ಬೀದಿಯಿಂದ ತಗ್ಗಿನ ಕೆರೆಗೆ ಹರಿಯುತ್ತದೆ. ಪ್ರಸ್ಥಭೂಮಿಯ ಊರಿನಲ್ಲಿ ಕೊಳಚೆ ನಿಂತಲ್ಲಿ ನಿಲ್ಲುವುದಿಲ್ಲ, ಸುತ್ತಲಿನ ಕಣಿವೆಗೆ ಇಳಿಯುತ್ತದೆ. ನಗರದ ಸ್ನಾನದ ನೀರು ಅಂಚಿನ ಹಳ್ಳಿಯ ಬಾವಿಗೆ ಸೇರುವುದು ಹೀಗೆ. ಜಂಬಿಟ್ಟಿಗೆ ಕಲ್ಲು ತೂತು ತೂತಾದದ್ದು. ಸುರಂಗ ಬಾವಿಗೆ ಒಳ್ಳೆಯ ನೀರು ಜಿನುಗಿಸಿ ಕೊಟ್ಟ ಗುಣವೇ ಮಲದ ಗುಂಡಿಯ ನೀರನ್ನೂ ಕೆಳಗೆ ಜಿನುಗಿಸುತ್ತದೆ. ಆದ್ದರಿಂದ ನೀರು ಮತ್ತು ಒಳಚರಂಡಿಯನ್ನು ಬೇರೆ ಬೇರೆ ಯೋಜನೆಗಳೆಂದು, ಬೇರೆ ಬೇರೆ ವರ್ಷಗಳಲ್ಲಿ ಮಾಡುವ ಪದ್ಧತಿ ಬೀದರಿಗೆ ಒಗ್ಗುವುದಿಲ್ಲ.

ಎಲ್ಲ ಹಳ್ಳಿಗೂ ಒಳಚರಂಡಿ ಕೊಳವೆ ಒಂದೇ ಸಲಕ್ಕೆ ಹೋಗಲಾರದು ಎಂಬುದು ನಿಜ. ಹಾಗೆಂದು ಕಾಯುತ್ತಾ ಕೂರಬೇಕಿಲ್ಲ. ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲಿ 2015ರಿಂದ ಮಲತ್ಯಾಜ್ಯ ಸಂಸ್ಕರಣಾ ಘಟಕವಿದೆ. ಮನೆಗಳ ಗುಂಡಿಯಿಂದ ಯಂತ್ರದ ಟ್ಯಾಂಕರಿನಲ್ಲಿ ಹೀರಿ ತಂದದ್ದನ್ನು ಅಲ್ಲಿ ಸಂಸ್ಕರಿಸಿ ಗೊಬ್ಬರ ಮಾಡುತ್ತಾರೆ. ಊರಿನಿಂದ ದೂರವಿರುವ ಹಳ್ಳಿ, ತಾಂಡಾಗಳಿಗೆ ಮೊದಲ ಹಂತದಲ್ಲಿ ಇಂಥದ್ದೇ ಒಂದು ಘಟಕ, ಮೂರು ವರ್ಷಕ್ಕೊಮ್ಮೆ ಪಾಳಿಯ ಪ್ರಕಾರ ಪ್ರತಿ ಗುಂಡಿಯನ್ನೂ ಖಾಲಿ ಮಾಡುವ ವ್ಯವಸ್ಥೆ ಸಾಕು. ಗುಂಡಿ ತುಂಬಿ ಉಕ್ಕಿದ ಮೇಲೆ ಯಾರೋ ಬಡವನನ್ನು ಇಳಿಸುವ ಕ್ರೌರ್ಯಕ್ಕೆ ಅವಕಾಶವೇ ಇರಬಾರದು. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಅದನ್ನು ಅಪರಾಧವೆಂದು ಸಾರಿದೆ, ಯಂತ್ರ ಕೊಳ್ಳುವ ಹೊಣೆಯನ್ನು ಸ್ಥಳೀಯ ಸಂಸ್ಥೆಯ ಮೇಲೆ ಹೊರಿಸಿದೆ. ಪಾಲಿಕೆ ತನ್ನ ಮೊದಲ ವಾಹನ ಖರೀದಿಯ ಪಟ್ಟಿಯಲ್ಲಿ ಅಧಿಕಾರಿಗಳ ಕಾರಿಗಿಂತ ಮೇಲೆ ಈ ಯಂತ್ರವನ್ನು ಬರೆಯಲಿ.

ಹಳೆಯ ಊರಿನಲ್ಲಿ ಇನ್ನೊಂದು ಅಡ್ಡಿಯನ್ನು ಮುಂದಿಡುವವರಿದ್ದಾರೆ. ಊರ ನಡುವಿನ ಕಾವಲು ಗೋಪುರ ಚೌಬಾರಾದಿಂದ ಮಹಮೂದ್ ಗವಾನ್ ಮದರಸಾ, ಅಲ್ಲಿಂದ ಕೋಟೆಯವರೆಗಿನ ಓಣಿಗಳು ಸಂರಕ್ಷಿತ ಸ್ಮಾರಕಗಳ ಸುತ್ತಲಿವೆ. ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಹೀಗಾಗಿ ಅಲ್ಲಿ ಏನನ್ನೂ ಮಾಡಲು ಬರುವುದಿಲ್ಲ ಎಂಬ ವಾದ ಕೇಳಿಬರುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆ ‘ನಿರ್ಮಾಣ’ ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯಿಂದ ಚರಂಡಿ ಕಾಮಗಾರಿ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕ ನೀರು ಪೂರೈಕೆ, ವಿದ್ಯುತ್ ವಿತರಣೆಗಳನ್ನು ಹೊರಗಿಟ್ಟಿದೆ. ಸ್ಮಾರಕದ ನೆರಳಿನಲ್ಲಿ ಬದುಕುವವರು ಕೊಳಚೆಯಲ್ಲಿ ಬದುಕಬೇಕಿಲ್ಲ ಎಂದೇ ಶಾಸನ ಮಾಡಿದವರು ಬಗೆದಿದ್ದಾರೆ. ಪುರಾತತ್ವ ಇಲಾಖೆಯ ಜೊತೆ ಕುಳಿತು, ಭಾರಿ ಯಂತ್ರ ಬಿಟ್ಟು ಕೈಯಿಂದ ಅಗೆದು, ಗೋಡೆಗಳಿಗೆ ಕಂಪನ ತಟ್ಟದಂತೆ ಕೆಲಸ ಮಾಡುವುದು ನಿಧಾನದ ಹಾದಿ. ಆದರೆ ಅದು ಹಾದಿ. 1472ರ ಮದರಸಾದ ಮುಂದೆ ಗಟಾರ ಉಕ್ಕಿ ಹರಿಯುವುದಕ್ಕೆ ಸ್ಮಾರಕವನ್ನೇ ಕಾರಣ ಮಾಡುವುದು ತಪ್ಪು.

ರಸ್ತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರಿನ ಕೊಳವೆ, ಒಳಚರಂಡಿ, ಆಮೇಲೆ ರಸ್ತೆ. ಈ ಅನುಕ್ರಮ ತಪ್ಪಿಸಿ ಮೊದಲು ಕಾಂಕ್ರೀಟ್ ಹಾಕಿದ ಪ್ರತಿ ಬೀದಿಯನ್ನೂ ಎರಡು ವರ್ಷದಲ್ಲಿ ಒಡೆಯುತ್ತಾರೆ. ಆ ನಷ್ಟಕ್ಕೆ ಯಾರೂ ಉತ್ತರ ಕೊಡುವುದಿಲ್ಲ.

ಹಣದ ಮಾತು ದಾಖಲೆಯಿಂದಲೇ ಶುರುವಾಗಬೇಕು. ಯಾವ ಆಸ್ತಿ ಯಾರದು, ಎಷ್ಟು ಅಳತೆ ಎಂಬ ಪುಸ್ತಕ ಸರಿಯಿಲ್ಲದಿದ್ದರೆ ತೆರಿಗೆಯೂ ಇಲ್ಲ, ನೀರಿನ ಸಂಪರ್ಕದ ಲೆಕ್ಕವೂ ಇಲ್ಲ. ಹಳ್ಳಿಗಳಲ್ಲಿ ಆಸ್ತಿ ದಾಖಲೆಗೆ ಇ-ಸ್ವತ್ತು ತಂತ್ರಾಂಶ ಇತ್ತು. ಅದರಿಂದ ಸಿಗುವ ಆಸ್ತಿ ಪತ್ರಗಳಾದ ನಮೂನೆ 9, ನಮೂನೆ 11 ಎಂದರೆ ಅಲ್ಲಿ ಎಲ್ಲರಿಗೂ ಗೊತ್ತು. ನಗರದಲ್ಲಿ ಇ-ಆಸ್ತಿ. ಒಂದರಿಂದ ಇನ್ನೊಂದಕ್ಕೆ ದಾಟಿಸುವಾಗ ಎಡವಟ್ಟುಗಳು ಹೊರಬೀಳುತ್ತವೆ. ಮನೆ ಮೂವರು ಅಣ್ಣತಮ್ಮಂದಿರಲ್ಲಿ ಬಾಯಿಮಾತಿನಲ್ಲಿ ಪಾಲಾಗಿದೆ, ನಡುವೆ ಗೋಡೆ ಎದ್ದಿದೆ, ಮೂರು ಒಲೆ ಉರಿಯುತ್ತಿವೆ. ಪುಸ್ತಕದಲ್ಲಿ ಇನ್ನೂ ತೀರಿಕೊಂಡ ಅಜ್ಜನ ಹೆಸರು. ಮೂರು ಮನೆಗೆ ಒಂದು ನಲ್ಲಿ ಸಂಪರ್ಕ, ಒಂದು ಬಿಲ್. ಹಳೆಯ ಬೀದರಿನಲ್ಲಿ ತೊಡಕು ಇನ್ನೊಂದು ಬಗೆಯದು. 1956ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು, ಮೂಲ ಪತ್ರಗಳು ಉರ್ದುವಿನಲ್ಲಿವೆ. ಅವನ್ನು ಓದಬಲ್ಲ ಹಿರಿಯರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ವಾರ್ಡಿಗೊಂದು ಶಿಬಿರ ಹಾಕಿ, ಉರ್ದು ಬಲ್ಲ ಒಬ್ಬರನ್ನು, ಭೂಮಾಪಕರೊಬ್ಬರನ್ನು ಕೂರಿಸಿ, ಬಾಗಿಲಿಗೆ ಹೋಗಿ ಅಳೆದು ಬರೆದುಕೊಳ್ಳುವ ಅಭಿಯಾನಕ್ಕೆ ಒಂದು ವರ್ಷ ಮೀಸಲಿಡುವುದು ಖಂಡಿತ ವ್ಯರ್ಥವಲ್ಲ. ಮಧ್ಯವರ್ತಿಗಳ ಕೈಗೆ ಈ ಕೆಲಸ ಹೋದರೆ ಖಾತೆಯ ಹೆಸರಿನಲ್ಲಿ ಬಡವರ ಜೇಬು ಖಾಲಿಯಾಗುತ್ತದೆ.

ಅನಧಿಕೃತ ಬಡಾವಣೆಗಳಿಗೆ ಬಿ-ಖಾತೆ, ಎಂದರೆ ತೆರಿಗೆ ವಸೂಲಿಗೆಂದು ಪ್ರತ್ಯೇಕವಾಗಿ ಬರೆಯುವ ಆಸ್ತಿ ದಾಖಲೆ, ಕೊಡುವ ಅಭಿಯಾನವನ್ನು ಸರ್ಕಾರ 2025ರಲ್ಲಿ ಆರಂಭಿಸಿತು. 2024ರ ಸೆಪ್ಟೆಂಬರ್ 10ಕ್ಕೆ ಮುಂಚೆ ನೋಂದಣಿಯಾದ ಸ್ವತ್ತುಗಳಿಗೆ ಅದು ಅನ್ವಯವಾಗಿತ್ತು. ತೆರಿಗೆ ಜಾಲದೊಳಗೆ ಮನೆಗಳು ಬರುವುದು ಒಳ್ಳೆಯದೇ. ಆದರೆ ಬಿ-ಖಾತೆ ಸಿಕ್ಕ ತಕ್ಷಣ ಪ್ಲಾಟಿನ ಮುಂದೆ ಚರಂಡಿ ಹುಟ್ಟುವುದಿಲ್ಲ. ರಸ್ತೆ, ಚರಂಡಿ, ಉದ್ಯಾನದ ಜಾಗ ಬಿಡದೆ ಮಾರಿದವರು ಹಣ ಎಣಿಸಿಕೊಂಡು ಹೋಗಿದ್ದಾರೆ. ಆ ಕೆಲಸ ಮಾಡುವ ಖರ್ಚು ಈಗ ಸಾರ್ವಜನಿಕರದು. ಇನ್ನು ಮುಂದಾದರೂ ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆಯನ್ನು ಪಾಲಿಕೆ ವಹಿಸಿಕೊಳ್ಳುವ ಮೊದಲು ಒಳಚರಂಡಿ ನಿಜಕ್ಕೂ ಮುಖ್ಯ ಕೊಳವೆಗೆ ಜೋಡಣೆಯಾಗಿದೆಯೇ ಎಂದು ಮುಚ್ಚಳ ತೆಗೆದು ನೋಡಲಿ. ಕಾಗದದ ಮೇಲಿನ ಕಾಮಗಾರಿ ಪೂರ್ಣ ಪ್ರಮಾಣಪತ್ರ ನೋಡಿ ಸಹಿ ಹಾಕುವುದು ಬೇಡ.

ಕೇಂದ್ರದ ಅನುದಾನದಲ್ಲಿ ಒಂದು ಶಿಸ್ತು ಇದೆ, ಅದು ಪಾಲಿಕೆಗೆ ಮಾದರಿಯಾಗಬಹುದು. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳಿಗೆ 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ 30ನ್ನು ಕುಡಿಯುವ ನೀರಿಗೆ, ಶೇ 30ನ್ನು ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ ಕಟ್ಟಿಹಾಕಿತ್ತು. ಉಳಿದ ಶೇ 40 ಮಾತ್ರ ಮುಕ್ತ. ಪಾಲಿಕೆ ತನ್ನ ಸ್ವಂತ ಆದಾಯಕ್ಕೂ ಇಂಥದ್ದೊಂದು ಕಟ್ಟು ಹಾಕಿಕೊಳ್ಳಬೇಕು. ನನ್ನ ಸಲಹೆ ಹೀಗೆ: ಹೊಸದಾಗಿ ಸೇರಿದ ಹಳ್ಳಿಗಳಿಂದ ವಸೂಲಾದ ಆಸ್ತಿ ತೆರಿಗೆಯನ್ನು ಪ್ರತ್ಯೇಕ ಲೆಕ್ಕದಲ್ಲಿಟ್ಟು, ಮನೆಗೆ ನಲ್ಲಿ ಮತ್ತು ಚರಂಡಿ ಬರುವವರೆಗೆ ಆ ಹಣವನ್ನು ಆ ಹಳ್ಳಿಗಳಲ್ಲೇ ಖರ್ಚು ಮಾಡುವುದು. ತೆರಿಗೆ ದರವನ್ನು ಒಮ್ಮೆಲೇ ನಗರದ ಮಟ್ಟಕ್ಕೆ ಏರಿಸದೆ ಸೇವೆ ತಲುಪಿದಂತೆ ಹಂತಹಂತವಾಗಿ ಏರಿಸುವುದು. ಇದಕ್ಕೆ ಕಾನೂನಿನ ತಿದ್ದುಪಡಿ ಬೇಕೆಂದರೆ ಸರ್ಕಾರದಿಂದ ಕೇಳಿ ಪಡೆಯಬೇಕು. ತೆರಿಗೆ ಕಟ್ಟಲು ಜನರಿಗೆ ಮನಸ್ಸಿಲ್ಲ ಎಂದು ಅಧಿಕಾರಿಗಳು ದೂರುವುದುಂಟು. ಕಟ್ಟಿದ ಹಣ ಎಲ್ಲಿಗೆ ಹೋಯಿತೆಂದು ಕಣ್ಣಿಗೆ ಕಂಡರೆ ಜನ ಕಟ್ಟುತ್ತಾರೆ. ದೇವಸ್ಥಾನದ ಕಟ್ಟಡಕ್ಕೆ, ದರ್ಗಾದ ಉರುಸಿಗೆ ಮನೆಮನೆಯಿಂದ ಪಟ್ಟಿ ಎತ್ತುವ ಊರುಗಳಿವು. ಲೆಕ್ಕ ಓದಿ ಹೇಳಿದರೆ ಇಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬರುತ್ತದೆಯಲ್ಲ ಎಂದು ಕೆಲವರು ಕೇಳಬಹುದು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಆಶಯದಂತೆ ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿರುವ ಆ ಮಂಡಳಿ ಕಟ್ಟಡ, ರಸ್ತೆ, ಕೊಳವೆಗೆ ಹಣ ಕೊಡಬಹುದು. ಪಂಪಿನ ತಿಂಗಳ ವಿದ್ಯುತ್ ಬಿಲ್ಲಿಗೆ, ಪೌರಕಾರ್ಮಿಕರ ಸಂಬಳಕ್ಕೆ, ಸೋರಿಕೆ ಮುಚ್ಚುವ ಸಿಬ್ಬಂದಿಗೆ ಪಾಲಿಕೆಯೇ ದಾರಿ ಹುಡುಕಿಕೊಳ್ಳಬೇಕು. ಕಟ್ಟಿಕೊಡುವವರು ಬಹಳ, ನಡೆಸುವವರು ಒಬ್ಬರೇ.

ನೆರೆಯ ಕಲಬುರಗಿಯಿಂದ ಬೀದರ್ ಕಲಿಯುವುದು ಬಹಳಷ್ಟಿದೆ. 2000ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳ ಜೊತೆಗೆ ಕಲಬುರಗಿಯ ಆಯ್ದ ವಾರ್ಡುಗಳಲ್ಲಿ 24 ಗಂಟೆ ನೀರು ಕೊಡುವ ಪ್ರಯೋಗ ನಡೆಯಿತು. ಬಿಸಿಲ ನಾಡಿನಲ್ಲೂ ಅದು ಸಾಧ್ಯ ಎಂದು ಆ ವಾರ್ಡುಗಳು ತೋರಿಸಿದವು. ಇಡೀ ನಗರಕ್ಕೆ ಅದನ್ನು ವಿಸ್ತರಿಸುವುದು ಮಾತ್ರ ದಶಕಕ್ಕೂ ಮೀರಿ ಎಳೆಯಿತು. ಭೀಮಾ ಮತ್ತು ಬೆಣ್ಣೆತೊರಾ ಎರಡು ಮೂಲಗಳಿದ್ದ ನಗರದ ಸ್ಥಿತಿ ಇದು. ಇನ್ನೊಂದು ಪಾಠ ಆಡಳಿತದ್ದು. ಕಲಬುರಗಿ ಪಾಲಿಕೆಯ 55 ವಾರ್ಡುಗಳಿಗೆ 2021ರ ಸೆಪ್ಟೆಂಬರಿನಲ್ಲಿ ಮತದಾನ ನಡೆದು ಫಲಿತಾಂಶವೂ ಬಂದಿತು. ಮೇಯರ್ ಆಯ್ಕೆಯಾದದ್ದು 2023ರ ಮಾರ್ಚಿನಲ್ಲಿ. ಮತ ಹಾಕಿದ ಜನ ಒಂದೂವರೆ ವರ್ಷ ತಮ್ಮ ಸದಸ್ಯರಿಗೆ ಅಧಿಕಾರ ಸಿಗುವುದನ್ನು ಕಾದರು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಕಥೆಯಂತೂ ಇನ್ನೂ ಕೆಟ್ಟದು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಚುನಾಯಿತರಿಲ್ಲದ ಸಂಸ್ಥೆಯಲ್ಲಿ ಅಧಿಕಾರಿ ಎಷ್ಟೇ ಪ್ರಾಮಾಣಿಕರಾಗಿರಲಿ, ಚರಂಡಿ ಉಕ್ಕಿದಾಗ ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟಬಲ್ಲ ಮನೆ ಊರಿನಲ್ಲಿರುವುದಿಲ್ಲ.

ಬೀದರ್ ನಗರಸಭೆಗೆ 35 ವಾರ್ಡುಗಳಿದ್ದವು. ಮಿತಿ ಹಿಗ್ಗಿದ ಮೇಲೆ ಗೆರೆಗಳನ್ನು ಹೊಸದಾಗಿ ಎಳೆಯಬೇಕಾಗುತ್ತದೆ, ಮತ್ತು ಹಳ್ಳಿಯವರ ಭವಿಷ್ಯ ಬಹುಮಟ್ಟಿಗೆ ಆ ಗೆರೆಗಳ ಮೇಲೆ ನಿಂತಿದೆ. ಒಂದು ಹಳ್ಳಿಯನ್ನು ಮೂರು ತುಂಡು ಮಾಡಿ ನಗರದ ಮೂರು ದೊಡ್ಡ ಬಡಾವಣೆಗಳ ಬಾಲಕ್ಕೆ ಕಟ್ಟಿದರೆ ಅಲ್ಲಿಂದ ಒಬ್ಬ ಸದಸ್ಯನೂ ಆರಿಸಿ ಬರುವುದಿಲ್ಲ. ಪಂಚಾಯಿತಿಯಲ್ಲಿ ಹಲವು ಸದಸ್ಯರಿದ್ದ ಊರಿಗೆ ಪಾಲಿಕೆಯಲ್ಲಿ ಒಂದು ದನಿಯೂ ಇಲ್ಲದಂತಾಗುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದ ಹೆಣ್ಣುಮಗಳಿಗೆ ಅದಕ್ಕೆ ಬದಲಾಗಿ ಸಿಗಬೇಕಾದದ್ದು ವಾರ್ಡ್ ಸಮಿತಿ. ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 243(ಎಸ್) ವಿಧಿಯೇ ಹೇಳುತ್ತದೆ. ಮೂರು ಲಕ್ಷದ ಲೆಕ್ಕ ತೋರಿಸಿ ಪಾಲಿಕೆಯಾದ ಊರಿಗೆ ಈ ವಿಧಿಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ವಾರ್ಡ್ ವಿಂಗಡಣೆಯ ಕರಡು ಹೊರಬಿದ್ದಾಗ ಆಕ್ಷೇಪಣೆ ಸಲ್ಲಿಸಲು ಕೊಡುವ ಕಾಲಾವಕಾಶ ಕೆಲವೇ ದಿನಗಳದ್ದು. ಆ ಕರಡು ಪತ್ರಿಕೆಯ ಒಳಪುಟದಲ್ಲೋ ಕಚೇರಿಯ ಸೂಚನಾ ಫಲಕದಲ್ಲೋ ಅಂಟಿಕೊಂಡಿರುತ್ತದೆ. ಹಳ್ಳಿಗಳ ಯುವಕ ಸಂಘಗಳು, ಸ್ವಸಹಾಯ ಸಂಘಗಳು ಈಗಲೇ ತಮ್ಮ ಊರಿನ ನಕ್ಷೆ ಮಾಡಿಟ್ಟುಕೊಳ್ಳಲಿ. ಎಷ್ಟು ಮನೆ, ಯಾವ ಓಣಿ ಎಲ್ಲಿಯವರೆಗೆ, ನೀರಿನ ಟ್ಯಾಂಕ್ ಎಲ್ಲಿ, ಸ್ಮಶಾನ ಎಲ್ಲಿ, ಕೆರೆಯ ಮೇರೆ ಯಾವುದು. ಕರಡು ಬಂದ ದಿನವೇ ಊರು ತುಂಡಾಗದಂತೆ ಗೆರೆ ಎಳೆಯಿರಿ ಎಂಬ ಆಕ್ಷೇಪಣೆಯನ್ನು ಸಹಿಗಳ ಸಮೇತ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರಲಿ.